ಕಲ್ಲಿನ ಊರು ಪೊಚಿತೆಲ್

ಬಾಲ್ಕನ್ ಕಡೆ ಹೋಗಿ ಬಂದೆವು ಅಂದರೆ ಸಾಕು, ಮುಂಬೈಯ ನಮ್ಮ ಬಳಗದಲ್ಲಿ ಮೊದಲು ಬರುವ ಪ್ರಶ್ನೆ "ಡುಬ್ರೊವ್ನಿಕ್ ನೋಡಿದ್ರಾ?" ಎರಡನೆಯದು "ಮೋಸ್ತಾರಿನ ಸೇತುವೆ?" ಎರಡನ್ನೂ ನೋಡಿದೆವು, ಎರಡೂ ಚೆನ್ನಾಗಿವೆ, ಫೋಟೋಗಳೂ ಬೇಕಾದಷ್ಟಿವೆ. ಆದರೆ ಬರೆಯಬೇಕು ಅನಿಸಿದ್ದು ಅವೆರಡರ ನಡುವಿನ ಒಂದು ಪುಟ್ಟ ಊರಿನ ಬಗ್ಗೆ. ಹೆಸರು ಪೊಚಿತೆಲ್. ಹೆದ್ದಾರಿಯ ಪಕ್ಕದಲ್ಲೇ ಇದೆ. ಟೂರಿಸ್ಟ್ ಬಸ್ಸುಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ, ಜನ ಇಳಿದು ಫೋಟೋ ತೆಗೆದು ಜ್ಯೂಸ್ ಕುಡಿದು ಹೊರಡುತ್ತಾರೆ. ನಾವು ಇಡೀ ಮಧ್ಯಾಹ್ನ ಅಲ್ಲೇ ಉಳಿದೆವು.

ನಾವು ನಾಲ್ವರು: ನಾನು, ನನ್ನಾಕೆ, ಮಗಳು, ಅಳಿಯ. ಡುಬ್ರೊವ್ನಿಕ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಅಳಿಯ ಓಡಿಸುತ್ತಿದ್ದ. ನನ್ನ ಕೆಲಸ ದಾರಿ ಹೇಳುವುದು, ಅಂದರೆ ಫೋನು ಹೇಳಿದ್ದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುವುದು. ಕ್ರೊಯೇಷ್ಯಾ 2023ರ ಜನವರಿಯಿಂದ ಯೂರೋ ಬಳಸುತ್ತದೆ, ಶೆಂಗೆನ್ ವಲಯಕ್ಕೂ ಆಗಲೇ ಸೇರಿತು. ಮೆಟ್ಕೊವಿಚ್ ಹತ್ತಿರ ಗಡಿ ದಾಟಿ ಬೋಸ್ನಿಯಾಕ್ಕೆ ಕಾಲಿಟ್ಟರೆ ನಾಣ್ಯವೂ ಬೇರೆ, ಕಾಯ್ದೆಯೂ ಬೇರೆ. ಕಾರನ್ನು ಗಡಿ ದಾಟಿಸುತ್ತೇವೆಂದು ಬಾಡಿಗೆಯವರಿಗೆ ಮೊದಲೇ ತಿಳಿಸಿ ವಿಮೆಯ ಕಾಗದ ಕೇಳಿ ಇಟ್ಟುಕೊಳ್ಳಬೇಕು. ಗಡಿಯ ಈಚೆ ನೆರೆತ್ವಾ ನದಿಯ ಮುಖಜ ಭೂಮಿ, ಕಣ್ಣು ಹಾಯುವಷ್ಟೂ ಕಿತ್ತಳೆ ಜಾತಿಯ ಮ್ಯಾಂಡರಿನ್ ತೋಟಗಳು. ಆಚೆ ಹೋದಂತೆ ಬೆಟ್ಟಗಳು ಹತ್ತಿರ ಹತ್ತಿರ ಬರುತ್ತವೆ, ನದಿ ಹಸಿರಾಗುತ್ತದೆ. ಚಾಪ್ಲಿನಾ ಪೇಟೆ ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆ ಬೆಟ್ಟವೇ ಎದ್ದು ನಿಂತು ಊರಾದಂತೆ ಕಾಣುತ್ತದೆ. ಅದೇ ಪೊಚಿತೆಲ್. ಇಲ್ಲಿಂದ ಮೋಸ್ತಾರ್ ಸುಮಾರು 30 ಕಿಲೋಮೀಟರ್.

ಊರಾದಂತೆ ಅಂದೆನಲ್ಲ, ಅದು ಅಲಂಕಾರದ ಮಾತಲ್ಲ. ಬೆಟ್ಟ ಸುಣ್ಣಕಲ್ಲಿನದು, ಮನೆ ಸುಣ್ಣಕಲ್ಲಿನದು, ಮೆಟ್ಟಿಲು, ಗೋಡೆ, ಗೋಪುರ ಎಲ್ಲ ಅದೇ. ಮನೆಗಳ ಮಾಡಿಗೂ ಚಪ್ಪಡಿ ಕಲ್ಲನ್ನೇ ಹೊದೆಸಿದ್ದಾರೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ನದಿಯ ಕಡೆ ಮುಖ ಮಾಡಿ ಕೂತಿವೆ, ನಾಟಕದ ಗ್ಯಾಲರಿಯಲ್ಲಿ ಪ್ರೇಕ್ಷಕರು ಕೂತ ಹಾಗೆ. ನಡುನಡುವೆ ಅಂಜೂರ, ದಾಳಿಂಬೆ ಗಿಡಗಳು. ಕಲ್ಲಿನ ಬಿಳುಪಿಗೆ ಅದೊಂದೇ ಹಸಿರು.

ದಾಖಲೆಗಳಲ್ಲಿ ಈ ಊರಿನ ಹೆಸರು ಮೊದಲು ಸಿಗುವುದು 1444ರಲ್ಲಿ. 1463ರಿಂದ ಹಂಗೇರಿಯ ದೊರೆ ಮತ್ತಿಯಾಸ್‌ನ ಸೈನ್ಯ ಇಲ್ಲಿ ಠಾಣೆ ಹಾಕಿತ್ತು. 1471ರಲ್ಲಿ ಆಟೋಮನ್ ತುರ್ಕರು ಗೆದ್ದುಕೊಂಡರು, ಮುಂದೆ ನಾನೂರು ವರ್ಷ ಅವರದೇ ಕಾರುಬಾರು. ಹಾಜಿ ಅಲಿಯಾ ಮಸೀದಿ ಕಟ್ಟಿದ್ದು 1562-63ರಲ್ಲಿ. ಮೋಸ್ತಾರಿನ ಹಳೇ ಸೇತುವೆ ಮುಗಿದದ್ದು 1566ರಲ್ಲಿ, ಅಂದರೆ ಎರಡೂ ಒಂದೇ ಕಾಲದವು. 17ನೇ ಶತಮಾನದಲ್ಲಿ ಶಿಶ್ಮಾನ್ ಇಬ್ರಾಹಿಂ ಪಾಶಾ ಮದರಸಾ, ಹಮಾಮು, ದಾರಿಹೋಕರ ಛತ್ರ ಕಟ್ಟಿಸಿದ. ಅದೇ ಶತಮಾನದ ಕೊನೆಗೆ ವೆನಿಸಿನವರು ಪಕ್ಕದ ಗಬೆಲಾ ಕೋಟೆ ಹಿಡಿದಾಗ ಇದು ಗಡಿ ಕಾಯುವ ಊರಾಯಿತು. 1878ರಲ್ಲಿ ಬೋಸ್ನಿಯಾ ಆಸ್ಟ್ರಿಯಾ-ಹಂಗೇರಿಯ ಕೈಗೆ ಹೋಯಿತು. ಗಡಿಯೇ ಇಲ್ಲದ ಮೇಲೆ ಕೋಟೆಗೇನು ಕೆಲಸ? ಹೊಸ ಪೇಟೆ ಬೇರೆಡೆ ಬೆಳೆಯಿತು, ಪೊಚಿತೆಲನ್ನು ಯಾರೂ ಕೆಡವಿ ಹೊಸದಾಗಿ ಕಟ್ಟಲಿಲ್ಲ. ಬಡತನ ಉಳಿಸಿಕೊಟ್ಟ ಚೆಲುವು ಅನ್ನಬೇಕು.

ಹೀಗೆ ಮೂಲೆಗೆ ಬಿದ್ದ ಊರನ್ನು ಹುಡುಕಿಕೊಂಡು ಬಂದವರು ಚಿತ್ರಕಾರರು. 1964ರಲ್ಲಿ ಇಲ್ಲಿನ ಗವ್ರಾನ್‌ಕಪೆತಾನ್ ಮನೆತನದ ಹಳೇ ಮನೆಯಲ್ಲಿ ಕಲಾವಿದರ ವಸಾಹತು ಶುರುವಾಯಿತು. ನಾನಾ ದೇಶಗಳ ಚಿತ್ರಕಾರರು ಬಂದು, ಉಳಿದು, ಬರೆದು ಹೋಗುತ್ತಿದ್ದರು. 1961ರಲ್ಲಿ ನೊಬೆಲ್ ಪಡೆದ ಇವೊ ಆಂದ್ರಿಚ್ ಕೂಡ ಇಲ್ಲಿಗೆ ಬಂದು ಇಲ್ಲಿನ ಕಲ್ಲಿನ ಬಗ್ಗೆಯೇ ಬರೆದಿದ್ದಾರೆ.

ನಾವು ಹೋದ ದಿನವೂ ಒಬ್ಬಾಕೆ ಅಂಜೂರದ ನೆರಳಲ್ಲಿ ಕೂತು ಜಲವರ್ಣದಲ್ಲಿ ಮಸೀದಿ ಬರೆಯುತ್ತಿದ್ದರು. ಸರಾಯೆವೊದವರಂತೆ. "ಇಡೀ ಊರು ಒಂದೇ ಬಣ್ಣ, ಬೇಸರ ಆಗಲ್ವಾ?" ಎಂದು ಮಗಳು ಕೇಳಿದಳು. ಅವರು ನಕ್ಕು, "ಒಂದು ಬಣ್ಣ ಅಂತ ಯಾರು ಹೇಳಿದ್ದು? ಬೆಳಿಗ್ಗೆ ಬೂದಿ, ಮಧ್ಯಾಹ್ನ ಬರೀ ಬೆಳಕು, ಸಂಜೆ ಜೇನು. ನಾನು ಮೂರು ದಿನದಿಂದ ಇದೇ ಗೋಡೆ ಬರೀತಿದ್ದೀನಿ" ಅಂದರು. ಸಂಜೆ ಆರು ಗಂಟೆಗೆ ತಿರುಗಿ ನೋಡಿದರೆ ನಿಜಕ್ಕೂ ಜೇನು!

ಮೇಲಿನ ಕೋಟೆಗೆ ಹತ್ತುವ ಮೆಟ್ಟಿಲುಗಳು ಸವೆದು ನುಣುಪಾಗಿವೆ, ಹಿಡಿಯಲು ಕಂಬಿ ಇಲ್ಲ. ನನ್ನ ಮಂಡಿಗಳು ಅರ್ಧ ದಾರಿಯಲ್ಲೇ ಮುಷ್ಕರ ಹೂಡಿದವು. ಆದರೂ ನಿಧಾನಕ್ಕೆ ಹತ್ತಿದೆ. ಮೇಲಿಂದ ನೆರೆತ್ವಾ ತಿರುವು ತೆಗೆದುಕೊಳ್ಳುವುದು ಕಾಣುತ್ತದೆ, ಕೆಳಗೆ ಮಸೀದಿಯ ಗುಮ್ಮಟ, ಅದರಾಚೆ ಗಡಿಯಾರದ ಗೋಪುರ. ಎಲ್ಲವೂ ಐನೂರು ವರ್ಷದಿಂದ ಹೀಗೇ ಇದೆ ಅನ್ನಿಸುತ್ತದೆ.

ಆದರೆ ಹೀಗೇ ಇರಲಿಲ್ಲ. 1993ರಲ್ಲಿ, ಬೋಸ್ನಿಯಾದ ಯುದ್ಧದ ನಡುವೆ, ಕ್ರೊಯಾಟ್ ಪಡೆಗಳು ಇಲ್ಲಿನ ಮುಸ್ಲಿಮರನ್ನು ಊರಿಂದಲೇ ಹೊರಗೆ ಅಟ್ಟಿದವು. ಮಸೀದಿಗೆ ಸ್ಫೋಟಕ ಇಟ್ಟು ಉರುಳಿಸಿದರು, ಮನೆಗಳು ಹಾಳಾದವು. ಮೋಸ್ತಾರಿನ ಸೇತುವೆ ನದಿಗೆ ಬಿದ್ದದ್ದೂ ಅದೇ ವರ್ಷ, ನವೆಂಬರ್ 9ರಂದು. ಹೇಗ್‌ನ ಯುಗೊಸ್ಲಾವಿಯಾ ನ್ಯಾಯಮಂಡಳಿ ಆರು ಮಂದಿ ಬೋಸ್ನಿಯನ್ ಕ್ರೊಯಾಟ್ ನಾಯಕರ ಮೇಲೆ ನಡೆಸಿದ ಮೊಕದ್ದಮೆಯಲ್ಲಿ ಚಾಪ್ಲಿನಾ ಭಾಗದ ಅಪರಾಧಗಳೂ ಇದ್ದವು. ಅಂತಿಮ ತೀರ್ಪು ಬರಲು 2017 ಆಗಬೇಕಾಯಿತು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಎಂಬ ಪಟ್ಟಿ, ಜಗತ್ತಿನಲ್ಲಿ ಅಪಾಯದಲ್ಲಿರುವ 100 ತಾಣಗಳಲ್ಲಿ ಪೊಚಿತೆಲನ್ನೂ ಸೇರಿಸಿತು. ಆಮೇಲೆ ರಿಪೇರಿ ನಡೆಯಿತು, ಮಸೀದಿ ಎದ್ದಿತು, ಕಲಾವಿದರೂ ಮರಳಿದರು. 2007ರಿಂದ ಊರು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಹೊಸ ಕಲ್ಲು ಯಾವುದು, ಹಳೆಯದು ಯಾವುದು ಎಂದು ನಮ್ಮಂಥವರಿಗೆ ತಿಳಿಯದ ಹಾಗೆ ಕೆಲಸ ಮಾಡಿದ್ದಾರೆ.

ಕಲ್ಲು ಮರಳಿತು. ಜನ?

ಹೆಬ್ಬಾಗಿಲ ಬಳಿ ಕಾಗದದ ಪೊಟ್ಟಣದಲ್ಲಿ ಅಂಜೂರ, ಚೆರ್ರಿ ಮಾರುವ ಹೆಂಗಸರು ಕೂರುತ್ತಾರೆ, ನಮ್ಮಲ್ಲಿ ಕಡಲೆಕಾಯಿ ಕಟ್ಟಿಕೊಡುವಂಥ ಪೊಟ್ಟಣವೇ. ಅವರಲ್ಲಿ ಒಬ್ಬರು ವಯಸ್ಸಾದವರು ನಮಗೆ ದಾಳಿಂಬೆ ರಸ ಕೊಟ್ಟರು. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ಸಕ್ಕರೆ ಹಾಕಿದ್ದೀರಾ ಎಂದು ಕೇಳಿದ್ದಕ್ಕೆ "ಶೆಚೆರ್" ಇಲ್ಲ ಅಂದರು. ನನ್ನಾಕೆಯ ಕಿವಿ ನೆಟ್ಟಗಾಯಿತು. ಶೆಚೆರ್, ಸಕ್ಕರೆ! ಆಮೇಲೆ ಆಟವೇ ಶುರುವಾಯಿತು. ಬಾದಾಮಿಗೆ "ಬಾದೆಮ್", ಸಾಬೂನಿಗೆ "ಸಾಪುನ್", ಜೇಬಿಗೆ "ಜೆಪ್". ನಮ್ಮ ಸಕ್ಕರೆ ಪರ್ಶಿಯಾ, ತುರ್ಕಿ ಹಾದು ಇಲ್ಲಿಯವರೆಗೆ ಬಂದಿದೆ. ಉಳಿದವು ಅದೇ ದಾರಿಯ ನಡುವಿನಿಂದ ಒಂದು ಕಡೆ ನಮ್ಮಲ್ಲಿಗೆ, ಇನ್ನೊಂದು ಕಡೆ ಇಲ್ಲಿಗೆ ಬಂದವು.

ಮಾತು ಮಕ್ಕಳ ಕಡೆ ತಿರುಗಿತು. ಆಕೆ ಮೇಲಿನ ಒಂದು ಕಲ್ಲಿನ ಮಾಡು ತೋರಿಸಿ ಅದೇ ಮನೆ ಅಂದರು. ಯುದ್ಧದಲ್ಲಿ ಓಡಿಸಿದಾಗ ಮಗ ಸಣ್ಣವನು, ಈಗ ಸ್ವೀಡನ್ನಿನಲ್ಲಿದ್ದಾನೆ. ಬೇಸಿಗೆಯಲ್ಲಿ ಎರಡು ವಾರ ಬರುತ್ತಾನೆ, ಮೊಮ್ಮಕ್ಕಳಿಗೆ ಬಿಸಿಲು ಆಗಿಬರುವುದಿಲ್ಲ. ಮಾತೂ ಅರ್ಧಂಬರ್ಧ.

"ನಮ್ಮದೂ ಇದೇ ಕಥೆ ಅಲ್ವಾ?" ಅಂದಳು ನನ್ನಾಕೆ, ಕಾರಿನ ಕಡೆ ನಡೆಯುತ್ತಾ. ನಮ್ಮ ಊರಿನ ಮನೆಗೂ ಬೀಗ, ಮೇ ತಿಂಗಳಲ್ಲಿ ಹದಿನೈದು ದಿನ ತೆಗೆಯುತ್ತೇವೆ. ಹೌದು ಅನ್ನಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ನಾವು ಹೊಟ್ಟೆಪಾಡಿಗೆ, ಒಳ್ಳೆಯ ನೌಕರಿಗೆ, ನಮ್ಮಿಷ್ಟದಿಂದ ರೈಲು ಹತ್ತಿದವರು. ಬೀಗದ ಕೈ ನಮ್ಮ ಹತ್ತಿರವೇ ಇತ್ತು. ಆಕೆಯ ಕೈಯಿಂದ ಅದನ್ನು ಬಂದೂಕು ತೋರಿಸಿ ಕಿತ್ತುಕೊಂಡರು. ಮೇಲ್ನೋಟಕ್ಕೆ ಎರಡೂ ಮುಚ್ಚಿದ ಬಾಗಿಲೇ ಇರಬಹುದು, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಊರು ಬಿಟ್ಟ ಸಂಕಟ ನಮಗೆ ಸ್ವಲ್ಪ ರುಚಿಯಾಗಿಯೂ ಇರುತ್ತದೆ, ಬರೆಯಲು, ಹಾಡಲು, ಸಂಘದ ಭಾಷಣಕ್ಕೆ ಒದಗುತ್ತದೆ. ಆಕೆಗೆ ಆ ಅನುಕೂಲವಿಲ್ಲ. ಇದನ್ನೇ ಹೇಳಿದೆ. ನನ್ನಾಕೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಆಕೆ ತಿರುಗಿ ಬಂದಿದ್ದಾರಲ್ಲ, ನಾವು ಬಂದಿಲ್ಲ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಳಿಯ ಕಾರು ಶುರು ಮಾಡಿದ.

ಹೋಗುವವರಿಗೆ ನಾಲ್ಕು ಮಾತು. ಒಳ್ಳೆ ಹಿಡಿತದ ಚಪ್ಪಲಿ ಅಲ್ಲ, ಶೂ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಕಲ್ಲು ಕಾದ ಹೆಂಚಾಗುತ್ತದೆ, ಬೆಳಿಗ್ಗೆ ಅಥವಾ ನಾಲ್ಕರ ನಂತರ ಹತ್ತಿ. ಭಾರತದ ಪಾಸ್‌ಪೋರ್ಟ್ ಇದ್ದವರು ಶೆಂಗೆನ್ ವೀಸಾ ಮಾಡಿಸುವಾಗ ಹಲವು ಬಾರಿ ಪ್ರವೇಶ ಇರುವುದನ್ನೇ ಕೇಳಿ, ಇಲ್ಲದಿದ್ದರೆ ಬೋಸ್ನಿಯಾದಿಂದ ಕ್ರೊಯೇಷ್ಯಾಕ್ಕೆ ಮರಳಲು ಆಗದು. ಸಣ್ಣ ಜೆಜ್ವಾದಲ್ಲಿ ಕಾಯಿಸಿ ತರುವ ಬೋಸ್ನಿಯನ್ ಕಾಫಿ ಕುಡಿಯಿರಿ. ನಮ್ಮ ಫಿಲ್ಟರ್ ಕಾಫಿಯ ಮುಂದೆ ಅದು ಏನೂ ಅಲ್ಲ ಎಂದು ನನ್ನಾಕೆಯ ವಾದ, ನಾನು ತಟಸ್ಥ. ಮತ್ತೆ ಆ ಹೆಬ್ಬಾಗಿಲ ಬಳಿ ಫೋಟೋ ತೆಗೆದು ಹಾಗೇ ಬಸ್ಸು ಹತ್ತಬೇಡಿ. ಒಂದು ಪೊಟ್ಟಣ ಅಂಜೂರ ತೆಗೆದುಕೊಳ್ಳಿ, ಎರಡು ಮಾತಾಡಿ.