ಕರಿಜಾಲಿಯ ಕಷಾಯ

ಸಿರುಗುಪ್ಪದಲ್ಲಿ ಶಿಕ್ಷಕನಾಗಿದ್ದಾಗ ನನ್ನ ವಸಡಿನಲ್ಲಿ ರಕ್ತ ಒಸರತೊಡಗಿತು. ಕುರುಗೋಡಿನ ಸೋದರತ್ತೆ ಕರಿಜಾಲಿಯ ತೊಗಟೆ ಕುದಿಸಿ, ಉಪ್ಪು ಬೆರೆಸಿ, ಬಾಯಿ ಮುಕ್ಕಳಿಸಲು ಕೊಟ್ಟರು. “ಬಳ್ಳಾರಿ ಜಾಲಿ ಅಲ್ಲಪ್ಪಾ, ಅದು ಹೊರದೇಶದ್ದು, ಇದು ನಮ್ಮ ಹೊಲದ ಬದುವಿನದು” ಎಂದಿದ್ದರು.

ತೊಗಟೆಯ ಒಗರಿಗೆ ವಸಡು ಬಿಗಿಯಾಯಿತು, ರಕ್ತ ನಿಂತಿತು. ರೋಗವೇ ಹೋಯಿತೆಂದು ವರ್ಷಗಟ್ಟಲೆ ಸುಮ್ಮನಿದ್ದೆ.

ನಿವೃತ್ತನಾಗಿ ಬಳ್ಳಾರಿಗೆ ಬಂದ ಮೇಲೆ ಹಲ್ಲುಗಳು ಅಲುಗಾಡಿದವು. ವಸಡಿನಡಿ ಕಲ್ಲಿನಂತೆ ಗಟ್ಟಿಯಾದ ಕಿಟ್ಟವನ್ನು ಯಾವ ಕಷಾಯವೂ ಕರಗಿಸದು, ಕೆರೆದೇ ತೆಗೆಯಬೇಕು ಎಂದರು ದಂತವೈದ್ಯರು. ಎರಡು ಹಲ್ಲುಗಳನ್ನು ಕಳೆದುಕೊಂಡೆ.

ಅತ್ತೆಯ ಮದ್ದು ತನ್ನ ಕೆಲಸ ಮಾಡಿತ್ತು; ರಕ್ತ ನಿಂತದ್ದನ್ನೇ ಆರೋಗ್ಯವೆಂದು ಬಗೆದ ತಪ್ಪು ನನ್ನದು. ಪ್ರಿಯ ವಿದ್ಯಾರ್ಥಿಗಳೇ, ಕಷಾಯವನ್ನು ಧಾರಾಳವಾಗಿ ಮುಕ್ಕಳಿಸಿ. ಆದರೆ ವಸಡಿನಲ್ಲಿ ರಕ್ತ ಕಂಡೊಡನೆ ವೈದ್ಯರಿಗೂ ತೋರಿಸಿ. ಮಧುಮೇಹವುಳ್ಳವರಂತೂ ತಡಮಾಡಬಾರದು.