ಮಗಳ ಮಜ್ಜೆ ಬತ್ತುವುದಿಲ್ಲ

ಮಗನಿಗೆ ರಕ್ತದ ಕ್ಯಾನ್ಸರ್, ಮಗಳ ಅಸ್ಥಿಮಜ್ಜೆ ಹೊಂದಿಕೆಯಾಗುತ್ತದೆ ಎಂದು ವೈದ್ಯರು ಹೇಳಿದಾಗ ಮನೆಯವರಿಗೆ ಸಂತೋಷವಾಗುತ್ತದೆ. ಬೆನ್ನಿಗೇ ಅಂಜಿಕೆಯೂ ಹುಟ್ಟುತ್ತದೆ. "ಮದುವೆಯಾಗಬೇಕಾದ ಹುಡುಗಿ, ಮೂಳೆಯೊಳಗಿನದನ್ನೇ ತೆಗೆದರೆ ನಾಳೆ ಗತಿಯೇನು?" 2016ರಲ್ಲಿ ಭಟ್ಕಳದ ನಮ್ಮ ಮನೆಯಲ್ಲಿ ಈ ಮಾತು ನಡೆದದ್ದು ನನ್ನ ಬಗ್ಗೆಯೇ. ಹೊನ್ನಾವರದಿಂದ ಬಂದ ದೊಡ್ಡಮ್ಮ, ಕುಮಟಾದಿಂದ ಬಂದ ಅತ್ತೆ, ಎಲ್ಲರೂ ತಾಯಿಯ ಕಿವಿಯಲ್ಲಿ ಇದನ್ನೇ ಹೇಳಿ ಹೋದರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಾಣಿಕೆ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮನಿಗೆ ಸಿಕ್ಕಿದ್ದು ನಾನೊಬ್ಬಳೇ.

ಬೆಂಗಳೂರಿನಲ್ಲಿ ನನ್ನ ಮೂಳೆಗೆ ಯಾರೂ ಸೂಜಿ ಹಾಕಲಿಲ್ಲ. ಜಿ-ಸಿಎಸ್‌ಎಫ್ ಎಂಬ ಔಷಧಿಯನ್ನು ದಿನವೂ ಚರ್ಮದ ಕೆಳಗೆ ಚುಚ್ಚಿದರು. ಸೋಂಕು ತಗಲಿದಾಗ ಬಿಳಿ ರಕ್ತಕಣಗಳನ್ನು ಹೆಚ್ಚಿಸಲು ನಮ್ಮ ದೇಹ ತಾನಾಗಿಯೇ ತಯಾರಿಸುವ ವಸ್ತು ಇದು. ಔಷಧಿ ರೂಪದಲ್ಲಿ ಅದನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ. ಹಂದಿಯಿಂದಲೇ ಎಂದು ಕೇಳಿದವರಿಗೆ ನಾನು ಹೇಳಿದ ಉತ್ತರವೂ ಇದೇ. ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳು ಅಲ್ಲಿಗೇ ಅಂಟಿಕೊಂಡಿರುತ್ತವೆ. ಈ ಔಷಧಿ ಆ ಅಂಟನ್ನು ಸಡಿಲಿಸುತ್ತದೆ, ಅವುಗಳಲ್ಲಿ ಕೆಲವು ರಕ್ತಕ್ಕೆ ಇಳಿದು ಬರುತ್ತವೆ. ಉಳಿದವು ಅಲ್ಲೇ ಇದ್ದು ಕೆಲಸ ಮುಂದುವರಿಸುತ್ತವೆ.

ನೋವಿಲ್ಲವೆಂದರೆ ಸುಳ್ಳಾದೀತು. ಎರಡನೆಯ ದಿನದಿಂದ ಸೊಂಟ, ಬೆನ್ನು, ತೊಡೆಯ ಮೂಳೆಗಳಲ್ಲಿ ಜ್ವರದಂಥ ಸೆಳೆತ, ತಲೆನೋವು, ಆಯಾಸ. ಪ್ಯಾರಸಿಟಮಾಲ್ ತಕ್ಕಮಟ್ಟಿಗೆ ನೆರವಾಯಿತು. ಐದನೆಯ ದಿನ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಸ್ಟೆಮ್ ಸೆಲ್ ಬೇರ್ಪಟ್ಟು, ಮಿಕ್ಕದ್ದು ಇನ್ನೊಂದು ತೋಳಿಗೆ ವಾಪಸಾಯಿತು. ನಾಲ್ಕೈದು ಗಂಟೆ ಮಲಗಿದ್ದೆ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ದ್ರವದಿಂದ ತುಟಿ ಜುಮ್ಮೆಂದಿತು, ಕ್ಯಾಲ್ಸಿಯಂ ಕೊಟ್ಟರು, ಸರಿಹೋಯಿತು. ಕೆಲವೇ ದಿನಗಳಲ್ಲಿ ಮೂಳೆನೋವು ಹೋಯಿತು. ಏರಿದ್ದ ಬಿಳಿ ಕಣಗಳ ಸಂಖ್ಯೆಯೂ ಹಾಗೆಯೇ ಇಳಿಯಿತು. ಗುಲ್ಮ ಸ್ವಲ್ಪ ಊದಿಕೊಳ್ಳುವುದರಿಂದ ಕೆಲವು ದಿನ ಭಾರ ಎತ್ತಬಾರದೆಂದಿದ್ದರು. ಅದು ಒಡೆಯುವುದು ತೀರಾ ಅಪರೂಪ. ಎಡ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ಮಾತ್ರ ತಡಮಾಡಬಾರದು.

ನಾಳೆ ಇವಳಿಗೇ ಕ್ಯಾನ್ಸರ್ ಬಂದರೆ? ತಾಯಿಯ ನಿಜವಾದ ಭಯ ಇದಾಗಿತ್ತು. ಆರೋಗ್ಯವಂತ ದಾನಿಗಳಿಗೆ ಈ ಔಷಧಿ ಕೊಡಲಾರಂಭಿಸಿದ್ದು 1990ರ ದಶಕದಲ್ಲಿ. ಸಾವಿರಾರು ದಾನಿಗಳನ್ನು ವರ್ಷಗಟ್ಟಲೆ ಗಮನಿಸಿದಾಗಲೂ ಅವರಲ್ಲಿ ರಕ್ತ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಗರ್ಭಿಣಿಯರಿಗೆ ಮಾತ್ರ ಇದನ್ನು ಕೊಡುವುದಿಲ್ಲ, ಹಾಲೂಡಿಸುವವರು ಮೊದಲೇ ತಿಳಿಸಬೇಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಒಲ್ಲೆ ಎನ್ನುವ ಹಕ್ಕು ದಾನಿಗೆ ಇದೆ, ಮನೆಯವರು ಬಲವಂತ ಮಾಡಕೂಡದು. ಆದರೆ ಕಸಿಗೆ ಮುಂಚೆ ರೋಗಿಯ ಮಜ್ಜೆಯನ್ನು ಭಾರೀ ಔಷಧಿಗಳಿಂದ ನಾಶ ಮಾಡುತ್ತಾರೆ. ಆ ಬಳಿಕ ದಾನಿ ಹಿಂದೆ ಸರಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಆದ್ದರಿಂದ ದೊಡ್ಡಮ್ಮ, ಅತ್ತೆಯರ ಪ್ರಶ್ನೆಗಳನ್ನೆಲ್ಲ ಅದಕ್ಕೆ ಮೊದಲೇ, ವೈದ್ಯರ ಮುಂದೆಯೇ ಕೇಳಿಬಿಡಿ. ಹುಡುಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ತಾಯಿ ಹಾಗೆಯೇ ಮಾಡಿದರು, ಒಂದು ಗಂಟೆ ಕೇಳಿದರು.

ತಮ್ಮನ ರಕ್ತದ ಗುಂಪು ಮೊದಲು ಒ ಪಾಸಿಟಿವ್ ಆಗಿತ್ತು. ಈಗ ನನ್ನಂತೆ ಬಿ ಪಾಸಿಟಿವ್, ಅಲ್‌ಹಮ್ದುಲಿಲ್ಲಾಹ್.