ಆಟ ಮುಗೀತು

ನಮ್ಮ ಕಡೆ 'ಆಟ ಮುಗೀತು' ಎಂಬ ಮಾತನ್ನು ರಾತ್ರಿ ಹೊತ್ತು ಗಟ್ಟಿಯಾಗಿ ಆಡಬಾರದು. ಇದನ್ನು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ. ಹೋದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿತ್ತು, ಮಳೆಯ ಸದ್ದಿಗೆ ಫೋನು ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಜಗಲಿಯ ಮೇಲೆ ನಿಂತು ಬೆಂಗಳೂರಿನಲ್ಲಿರುವ ಮಗಳಿಗೆ, "ಅಂತೂ ರಾಜಕುಮಾರನ ಆಟ ಮುಗೀತಮ್ಮಾ, ಮೂವತ್ತು ವರ್ಷ ಸತಾಯಿಸಿದ" ಎಂದು ಕೂಗಿ ಹೇಳಿದೆ. ಎದುರು ಮನೆಯವರು ಛತ್ರಿ ಹಿಡಿದು ದಡದಡನೆ ಬಂದರು. "ಯಾವ ರಾಜಕುಮಾರ ಮೇಷ್ಟ್ರೇ? ಸುರಹೊನ್ನೆಯವನಾ?" ಎಂದರು. ಪರ್ಷಿಯಾದವನು ಎಂದೆ. ಅವರು ನನ್ನನ್ನೂ ನನ್ನ ಕೈಯಲ್ಲಿದ್ದ ಫೋನನ್ನೂ ಒಮ್ಮೆ ನೋಡಿ, ನಮ್ಮ ಮನೆಯವಳ ಕಡೆ ಕನಿಕರದ ದೃಷ್ಟಿ ಬೀರಿ ಹೊರಟುಹೋದರು.

ನಾನು ವಿಡಿಯೊ ಗೇಮ್ ಆಡುತ್ತೇನೆ ಎಂಬುದು ನ್ಯಾಮತಿಯಲ್ಲಿ ಈಗ ಗುಟ್ಟಾಗಿ ಉಳಿದಿಲ್ಲ. ಆದರೆ ಆಟಗಾರ ಎಂದು ಕರೆಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನಿವೃತ್ತಿಯಾದ ಮೇಲೆ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ಇಲ್ಲಿ ಬಿಟ್ಟುಹೋದಳು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಆಡುತ್ತೇನೆ. ಕಣ್ಣು ಉರಿದರೆ ಅದೂ ಇಲ್ಲ. ಈಚೆಗೆ ನಾಲ್ಕು ಆಟಗಳನ್ನು ಮುಗಿಸಿದ್ದೇನೆ. ಗಣಿತದ ಮೇಷ್ಟ್ರಾದ್ದರಿಂದ, ಮುಗಿಸಿದ್ದಕ್ಕೆಲ್ಲ ಅಂಕ ಕೊಡದಿದ್ದರೆ ಕೈ ತುರಿಸುತ್ತದೆ.

ಮೊದಲು ಆ ರಾಜಕುಮಾರನ ವಿಷಯ ಹೇಳಿಬಿಡುತ್ತೇನೆ. 1994ರಲ್ಲಿ ನಮ್ಮೂರು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಕಂಪ್ಯೂಟರ್ ಕಲಿತರೆ ಮುಂದೆ ಒಳ್ಳೆಯದಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಶಿವಮೊಗ್ಗದ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆ. ಕಲಿತದ್ದು ವರ್ಡ್‌ಸ್ಟಾರ್ ಮತ್ತು ಲೋಟಸ್. ನಾನು ಕಲಿತು ಮುಗಿಸುವ ಹೊತ್ತಿಗೆ ಅವೆರಡೂ ಲೋಕದಿಂದ ಕಾಲು ತೆಗೆಯುವ ಸಿದ್ಧತೆಯಲ್ಲಿದ್ದವು. ನಿಜವಾಗಿ ನನ್ನನ್ನು ಹಿಡಿದದ್ದು ಅಲ್ಲಿಯ ಹುಡುಗರು ಕದ್ದು ಆಡುತ್ತಿದ್ದ 'ಪ್ರಿನ್ಸ್ ಆಫ್ ಪರ್ಷಿಯಾ'. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ 1989ರಲ್ಲಿ ಹೊರತಂದ ಆಟ ಅದು. ಆತ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಆ ಚಿತ್ರಗಳನ್ನು ಒಂದೊಂದಾಗಿ ತಿದ್ದಿ ರಾಜಕುಮಾರನ ಚಲನೆ ಮೂಡಿಸಿದನಂತೆ. ಅದಕ್ಕೇ ಇರಬೇಕು, ಆ ಬೆರಳುದ್ದದ ಬೊಂಬೆ ಓಡುತ್ತ ಓಡುತ್ತ ಗಕ್ಕನೆ ನಿಂತು ಮುಂದಕ್ಕೆ ಜೋಲಿ ಹೊಡೆದಾಗ ನಮ್ಮ ಕಾಲೂ ಜಾರಿದ ಹಾಗಾಗುತ್ತಿತ್ತು.

ಕತೆ ಅಂಗೈಯಗಲದ್ದು. ಮಂತ್ರಿ ಜಾಫರ್ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ: ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ನೆಲಮಾಳಿಗೆಯಲ್ಲಿ ಬಿದ್ದಿರುವ ನಾವು ಅರವತ್ತು ನಿಮಿಷದೊಳಗೆ ಹನ್ನೆರಡು ಹಂತ ದಾಟಿ ಆಕೆಯನ್ನು ತಲುಪಬೇಕು. ಸತ್ತರೆ ಆ ಹಂತದ ಮೊದಲಿಗೆ ಹೋಗುತ್ತೇವೆ, ಆದರೆ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತು ವರ್ಷ ನಿಂತವನಿಗೆ ಈ ನಿಯಮ ಬಹಳ ಹಿಡಿಸಿತು. ತೊಂದರೆ ಬೇರೆ ಇತ್ತು. ತರಬೇತಿ ಕೇಂದ್ರದಲ್ಲಿ ಒಬ್ಬೊಬ್ಬರಿಗೆ ಯಂತ್ರ ಸಿಗುತ್ತಿದ್ದುದು ಅರ್ಧ ಗಂಟೆ. ಹೀಗಾಗಿ ರಾಜಕುಮಾರಿ ಪ್ರತಿ ಶನಿವಾರ ಸಾಯುತ್ತಿದ್ದಳು.

ಆಮೇಲೆ ಕೋರ್ಸು ಮುಗಿಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಹೊನ್ನಾಳಿ ತಾಲ್ಲೂಕು ಅಲ್ಲಿಗೆ ಸೇರಿತು. ಅದೂ ಸಾಲದೆಂಬಂತೆ ನ್ಯಾಮತಿಯೇ ತಾಲ್ಲೂಕಾಯಿತು. ಕೂತಲ್ಲೇ ಕೂತು ಜಿಲ್ಲೆಯನ್ನೂ ತಾಲ್ಲೂಕನ್ನೂ ಬದಲಿಸಿದ ನಾನು ಆ ಆಟದಲ್ಲಿ ಮಾತ್ರ ಏಳನೆಯ ಹಂತ ದಾಟಿರಲಿಲ್ಲ. ಹಳೆಯ ಡಾಸ್ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಉಪಾಯವೊಂದಿದೆ ಎಂದು ಮಗಳು ಅದನ್ನು ಹಾಕಿಕೊಟ್ಟ ಮೇಲೆ ಮತ್ತೆ ಶುರು ಮಾಡಿದೆ.

ಈ ಆಟದ ದೊಡ್ಡತನ ನನಗೆ ಕಂಡದ್ದು ಅದರ ನೆರಳಿನಲ್ಲಿ. ನಾಲ್ಕನೆಯ ಹಂತದಲ್ಲಿ ರಾಜಕುಮಾರ ಒಂದು ಕನ್ನಡಿಯನ್ನು ತೂರಿ ಜಿಗಿಯುತ್ತಾನೆ. ಆಗ ಅವನ ನೆರಳು ಅವನಿಂದ ಕಳಚಿಕೊಂಡು ಆಚೆ ಓಡಿಹೋಗುತ್ತದೆ. ಮುಂದೆ ಅದರದ್ದೇ ಕಾಟ. ನಾವು ಕುಡಿಯಬೇಕಾದ ಔಷಧವನ್ನು ತಾನು ಕುಡಿದುಬಿಡುತ್ತದೆ, ಮುಖದ ಮೇಲೆ ಬಾಗಿಲು ಹಾಕಿ ಕೆಳಕ್ಕೆ ಬೀಳಿಸುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೊಂದು ಏಟು ಹೊಡೆದರೆ ನಮಗೂ ಒಂದು ಬೀಳುತ್ತದೆ. ನಾಲ್ಕು ರಾತ್ರಿ ಹೊಡೆದಾಡಿ ನಾಲ್ಕು ರಾತ್ರಿಯೂ ಇಬ್ಬರೂ ಸತ್ತೆವು. ಐದನೆಯ ರಾತ್ರಿ ಒಳಗಿನಿಂದ, "ಹಾಲು ಆರಿಹೋಗ್ತೈತಿ, ಬರ್ತೀರೋ ಇಲ್ಲೋ" ಎಂಬ ಕೂಗು ಬಂದಾಗ ಏಳುವ ಗಡಿಬಿಡಿಯಲ್ಲಿ ಕೆಳಗಿನ ಬಾಣದ ಕೀಲಿ ಒತ್ತಿದೆನೆಂದು ಕಾಣುತ್ತದೆ. ರಾಜಕುಮಾರ ಕತ್ತಿಯನ್ನು ಒರೆಗೆ ಹಾಕಿದ. ನೆರಳೂ ಹಾಕಿತು. ಇಬ್ಬರೂ ಒಬ್ಬರ ಕಡೆಗೊಬ್ಬರು ಓಡಿ ಒಂದಾದರು. ಅಲ್ಲಿಂದ ಮುಂದೆ ಬರೀ ಕಂದರವಿದ್ದಲ್ಲಿ ಕಾಲಿಟ್ಟರೆ ಕಾಲ ಕೆಳಗೆ ನೆಲ ಮೂಡುತ್ತಾ ಹೋಯಿತು. ಹಾಲು ಆರಿತೆನ್ನುವುದನ್ನು ಬೇರೆ ಹೇಳಬೇಕಿಲ್ಲ. ಜಾಫರನನ್ನು ಕೊಂದಾಗ ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು. ನನ್ನ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೈದು. ಕೆಳಗಿನಿಂದ ಫಕ್ಕನೆ ಏಳುವ ಮುಳ್ಳುಗಳಿಗಾಗಿ ಐದು ಕಡಿತ.

ಎರಡನೆಯದು 'ರಾಜಿ: ಆನ್ ಏನ್ಷಿಯಂಟ್ ಎಪಿಕ್'. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ 2020ರಲ್ಲಿ ಹೊರತಂದದ್ದು. ರಕ್ಷಾಬಂಧನದ ದಿನ ರಾಕ್ಷಸರು ಎತ್ತಿಕೊಂಡುಹೋದ ತಮ್ಮ ಗೋಲುವನ್ನು ಹುಡುಕಿ ಹೊರಡುವ ಡೊಂಬರಾಟದ ಹುಡುಗಿ ರಾಜಿ. ಆಕೆಯ ಕೈಯಲ್ಲಿ ತ್ರಿಶೂಲ, ಮೇಲೆ ಕುಳಿತು ಅವಳ ಬಗ್ಗೆ ಮಾತಾಡಿಕೊಳ್ಳುವವರು ದುರ್ಗೆ ಮತ್ತು ವಿಷ್ಣು. ಕತೆಯನ್ನು ನಡುನಡುವೆ ತೊಗಲುಗೊಂಬೆಯ ಹಾಗೆ ಪರದೆಯ ಮೇಲೆ ಆಡಿಸಿದ್ದಾರೆ. ಅದು ಕಣ್ಣಿಗೆ ಹಬ್ಬ. ಆದರೆ ಬಯಲಾಟದಲ್ಲಿ ಬೆಳಗಿನ ಜಾವ ರಾಕ್ಷಸ ಬಿದ್ದ ಮೇಲೂ ಮಂಗಳ ಹಾಡದೆ ಜನ ಎದ್ದುಹೋಗುವುದಿಲ್ಲ. ಇಲ್ಲಿ ಮಂಗಳವೇ ಇಲ್ಲ. ಗಕ್ಕನೆ ಮುಗಿಯುತ್ತದೆ. ನಾನು ಯಂತ್ರ ಕೆಟ್ಟಿತೆಂದು ಎರಡು ಸಲ ಮುಚ್ಚಿ ತೆರೆದೆ. ಅರವತ್ತು ಅಂಕ.

ಮೂರನೆಯದನ್ನು ನಾನೊಬ್ಬನೇ ಮುಗಿಸಿದೆ ಎಂದರೆ ಮನೆಯಲ್ಲಿ ಜಗಳವಾದೀತು. 'ವೆಂಬಾ' ಎಂಬ ಅದು 2023ರದು, ಕೆನಡಾದ ಟೊರಾಂಟೊದಲ್ಲಿ ಮಾಡಿದ್ದು. 1980ರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ಒಬ್ಬ ಗೃಹಿಣಿಯ ಕತೆ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದು, ಅಳಿಸಿ ಹೋಗಿದೆ; ಹೋದದ್ದನ್ನು ಊಹಿಸಿಕೊಂಡು ನಾವು ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಅಡುಗೆ ಮಾಡುವಾಗ ಆಯಾ ಕಾಲದ ತಮಿಳು ಸಿನಿಮಾ ಧಾಟಿಯ ಹಾಡು ರೇಡಿಯೊದಲ್ಲಿ ಬರುತ್ತದೆ. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕು ಎಂಬುದೇ ಮೊದಲ ಒಗಟು. ನಾನು ಎರಡು ಸಲ ಸೋತಾಗ ಹಿಂದೆ ನಿಂತಿದ್ದ ನಮ್ಮ ಮನೆಯವಳು, "ಮೂವತ್ತೈದು ವರ್ಷದಿಂದ ತಿಂತಿದೀರಿ, ತಟ್ಟೆ ಹೆಂಗ್ ಇಡೋದು ಅಂತ ಒಂದ್ ದಿನ ಒಳಗ್ ಬಂದು ನೋಡಿದೀರಾ?" ಎಂದಳು. ನೋಡಿರಲಿಲ್ಲ. ಅಲ್ಲಿಂದಾಚೆಗೆ ಕುರ್ಚಿ ಅವಳದಾಯಿತು, ಇಲಿ ಹಿಡಿಯುವ ಕೆಲಸ ಮಾತ್ರ ನನ್ನದು. ಇಲಿ ಎಂದರೆ ಮೌಸ್.

ಒಂದೂವರೆ ಗಂಟೆಯಲ್ಲಿ ಮುಗಿದೇಹೋಗುವ ಆಟ. ಮಗ ಬೆಳೆಯುತ್ತಾನೆ, ಗಂಡ ತೀರಿಕೊಳ್ಳುತ್ತಾನೆ. ದೊಡ್ಡವನಾದ ಮಗ ತಾಯಿಯ ಪುಸ್ತಕ ಹರಡಿಕೊಂಡು ಅಡುಗೆಗೆ ನಿಲ್ಲುತ್ತಾನೆ. ಅದರ ತಮಿಳು ಅಕ್ಷರ ಅವನಿಗೆ ಸರಿಯಾಗಿ ಓದಲು ಬರುವುದಿಲ್ಲ. ಅಲ್ಲಿ ನಮ್ಮವಳು ಏನೂ ಹೇಳಲಿಲ್ಲ. ಮಾರನೆಯ ಸಂಜೆ ಮೊಮ್ಮಗಳ ಫೋನು ಬಂದಾಗ ಆಕೆ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಇವಳು ಕನ್ನಡದಲ್ಲೇ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಉತ್ತರ ಕೊಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ಈ ಆಟಕ್ಕೆ ಅಂಕ ಕೊಡುವ ಅಧಿಕಾರ ನನಗಿಲ್ಲ.

ಉಳಿದದ್ದು 'ಸ್ಟಾರ್‌ಡ್ಯೂ ವ್ಯಾಲಿ'. ಇದನ್ನು ಮುಗಿಸಿದೆ ಎನ್ನುವುದು ಅರ್ಧ ಸತ್ಯ, ಏಕೆಂದರೆ ಬೇಸಾಯಕ್ಕೆ ಮುಗಿಯುವುದೆಂಬುದಿಲ್ಲ. ಎರಿಕ್ ಬರೋನ್ ಎಂಬ ಅಮೆರಿಕದವನು ನಾಲ್ಕು ವರ್ಷಕ್ಕೂ ಮಿಕ್ಕಿ ಒಂಟಿಯಾಗಿ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ. 2024ರ ಕೊನೆಯ ಹೊತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದ್ದವು. ಶುರುವಿನಲ್ಲಿ ಸಾಯುವ ಅಜ್ಜನೊಬ್ಬ ಮೊಮ್ಮಗನ ಕೈಗೆ ಮುಚ್ಚಿದ ಲಕೋಟೆ ಕೊಡುತ್ತಾನೆ. ಪಟ್ಟಣದ ಕಚೇರಿಯಲ್ಲಿ ಸಾಕಾಗಿಹೋದ ದಿನ ಮೊಮ್ಮಗ ಅದನ್ನು ಒಡೆಯುತ್ತಾನೆ. ಅಜ್ಜ ತನ್ನ ಹೊಲವನ್ನು ಅವನಿಗೆ ಬಿಟ್ಟುಹೋಗಿದ್ದಾನೆ. ಕಲ್ಲು, ಕಳೆ, ಬೊಡ್ಡೆ ತುಂಬಿದ ಆ ನೆಲದಲ್ಲಿ ಅವನು ಗುದ್ದಲಿ ಹಿಡಿದು ನಿಲ್ಲುತ್ತಾನೆ.

ನಮ್ಮಪ್ಪ ಲಕೋಟೆ ಏನನ್ನೂ ಕೊಡಲಿಲ್ಲ. 2004ರಲ್ಲಿ ಅವರು ತೀರಿಕೊಂಡಾಗ ಟ್ರಂಕಿನಲ್ಲಿ ಸಿಕ್ಕಿದ್ದು ಪಹಣಿ ಪತ್ರ, ಕಂದಾಯದ ರಸೀದಿಗಳು ಮತ್ತು ಒಂದು ಬೀಜದ ಅಂಗಡಿಯ ಬಾಕಿ ಚೀಟಿ. ನಾಲ್ಕು ಎಕರೆಯಲ್ಲಿ ಎರಡನ್ನು 2010ರಲ್ಲಿ ಮಗಳ ಇಂಜಿನಿಯರಿಂಗ್‌ಗೆಂದು ಮಾರಿದೆ. ಕೊಂಡವರು ಬೋರು ಕೊರೆಸಿ ಅಡಿಕೆ ಹಾಕಿದ್ದಾರೆ. ಉಳಿದ ಎರಡು ಎಕರೆ ಕೋರಿಗೆ ಕೊಟ್ಟಿದ್ದೇನೆ. ಅಲ್ಲಿ ಮೆಕ್ಕೆಜೋಳ.

ಕೋರಿಗೆ ಮಾಡುವಾತ ಒಂದು ಸಂಜೆ ಲೆಕ್ಕ ಹೇಳಲು ಬಂದಾಗ ನಾನು ಆಟದ ಹೊಲಕ್ಕೆ ನೀರು ಹಾಯಿಸುತ್ತಿದ್ದೆ. ಅವನೂ ಕುರ್ಚಿ ಎಳೆದು ಕುಳಿತ. ಇಪ್ಪತ್ತೆಂಟು ದಿನಕ್ಕೊಂದು ಋತು, ನಾಲ್ಕು ಋತುವಿಗೆ ಒಂದು ವರ್ಷ ಎಂದು ವಿವರಿಸಿದೆ. ಟಿ.ವಿ. ಹಾಕಿದರೆ ನಾಳೆ ಮಳೆಯೋ ಇಲ್ಲವೋ ಹೇಳುತ್ತಾರೆ, ಅವರು ಹೇಳಿದಂತೆಯೇ ಆಗುತ್ತದೆ ಎಂದೆ. ಅವನು ನಗಲಿಲ್ಲ, ಮರ್ಯಾದಸ್ಥ. ಮೆಕ್ಕೆಜೋಳವೂ ಇದೆ, ಹದಿನಾಲ್ಕು ದಿನಕ್ಕೆ ತೆನೆ, ಆಮೇಲೆ ಅದೇ ಗಿಡ ನಾಲ್ಕು ನಾಲ್ಕು ದಿನಕ್ಕೆ ಮತ್ತೆ ತೆನೆ ಕೊಡುತ್ತದೆ ಎಂದಾಗ ಮಾತ್ರ ಮೂಗಿನ ಮೇಲೆ ಬೆರಳಿಟ್ಟ. ಕೊಯ್ದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಿಗ್ಗೆ ಹಣ ಬಂದಿರುತ್ತದೆ ಎಂದು ತೋರಿಸಿದೆ.

"ತೂಕ ಯಾರು ಹಿಡಿತಾರ ಮೇಷ್ಟ್ರೇ?"

"ತೂಕ ಇಲ್ಲ, ಎಣಿಕೆ."

"ಹಸಿ ಐತಿ ಅಂತ ಏನೂ ಮುರಕೊಳ್ಳಂಗಿಲ್ಲಾ?"

"ಇಲ್ಲ. ಬೆಲೆಯೂ ವರ್ಷಪೂರ್ತಿ ಒಂದೇ."

ಅವನು ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ, "ಇದ್ರಾಗ ಸಾಲ ಎಲ್ಲೈತಿ?" ಎಂದು ಕೇಳಿದ. ಹುಡುಕಿದರೂ ಸಿಗಲಿಲ್ಲ. ಆಳಿನ ಕೂಲಿಯೂ ಇಲ್ಲ, ಗೊಬ್ಬರಕ್ಕೆ ಸಾಲು ನಿಲ್ಲುವುದೂ ಇಲ್ಲ. ಬೆಳೆ ತಿನ್ನುವುದು ಕಾಗೆ ಮಾತ್ರ, ಅದಕ್ಕೊಂದು ಬೆರ್ಚಪ್ಪ ನಿಲ್ಲಿಸಿದರಾಯಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊಟ್ಟಮೊದಲು ಸೈನಿಕ ಹುಳು ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆ ಹುಳುವಿಗೆ ಬೆರ್ಚಪ್ಪನ ಭಯವಿಲ್ಲ. 2025–26ಕ್ಕೆ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯಲ್ಲಿ ಅಷ್ಟು ಹುಟ್ಟದೆ ಆ ಹಂಗಾಮಿನಲ್ಲಿ ಬೆಳೆಗಾರರು ರಸ್ತೆಗಿಳಿದಿದ್ದರು. ಇಷ್ಟೆಲ್ಲ ಗೊತ್ತಿದ್ದೂ ಈ ಸುಳ್ಳು ಹೊಲವನ್ನು ನಾನು ಬಿಡಲಿಲ್ಲ. ರಾತ್ರಿ ಒಂದು ಗಂಟೆ ಎಂಬ ನನ್ನ ನಿಯಮ ಮುರಿದದ್ದು ಇದೊಂದಕ್ಕೇ. ಇದರಲ್ಲಿ ನನಗೆ ಕೂಡಿಬರದ ವಿದ್ಯೆಯೆಂದರೆ ಮೀನು ಹಿಡಿಯುವುದು. ಆ ಹಸಿರು ಪಟ್ಟಿಯೊಳಗೆ ಮೀನನ್ನು ನಿಲ್ಲಿಸುವುದಕ್ಕಿಂತ ಹತ್ತನೆಯ ತರಗತಿಯ ಹುಡುಗರನ್ನು ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನಿಲ್ಲಿಸುವುದು ಸುಲಭ.

ಮೂರನೆಯ ವರ್ಷದ ಮೊದಲ ಬೆಳಗಿನಲ್ಲಿ ತೀರಿಹೋದ ಅಜ್ಜ ಬರುತ್ತಾನೆ. ಎರಡು ವರ್ಷ ಹೊಲವನ್ನು ಹೇಗೆ ನೋಡಿಕೊಂಡೆ ಎಂದು ಲೆಕ್ಕ ಹಾಕಿ ತನ್ನ ಗುಡಿಯಲ್ಲಿ ಒಂದರಿಂದ ನಾಲ್ಕರವರೆಗೆ ಮೇಣದಬತ್ತಿ ಹಚ್ಚುತ್ತಾನೆ. ನಾನು ಜೀವಮಾನವೆಲ್ಲ ಅಂಕ ಕೊಟ್ಟವನು, ಆ ಬೆಳಿಗ್ಗೆ ಕೈ ಬೆವರಿತು. ಮೂರು ಹೊತ್ತಿದವು. ಕಡಿಮೆ ಎನಿಸಿದರೆ ಆ ಗುಡಿಯಲ್ಲಿ ಒಂದು ವಜ್ರ ಇಟ್ಟು ಮತ್ತೆ ಕರೆಸಬಹುದು. ಗಣಿಯಲ್ಲಿ ಸಿಕ್ಕ ವಜ್ರವೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಇಡಲು ಹೋಗಿ ಇಡದೆ ಯಂತ್ರ ಮುಚ್ಚಿದೆ. ಅಪ್ಪ ಕೊನೆಯ ಸುಗ್ಗಿಯಲ್ಲಿ, "ಭಾನುವಾರ ಒಂದಿನ ರಾಶಿ ಹತ್ರ ಬಂದು ನಿಂತ್ಕೋ, ಸಾಕು" ಎಂದಿದ್ದರು. ನನಗೆ ಪತ್ರಿಕೆ ತಿದ್ದುವುದಿತ್ತು. ಅವರು ಮತ್ತೆ ಕೇಳಲಿಲ್ಲ.

ಹೋದ ಭಾನುವಾರ ಹೊಲಕ್ಕೆ ಹೋಗಿದ್ದೆ. ಎಷ್ಟು ವರ್ಷವಾಗಿತ್ತೋ, ಬದುವಿನ ದಾರಿ ಬದಲಾಗಿತ್ತು. ಅಡಿಕೆ ತೋಟದ ಬೇಲಿ ಸುತ್ತಿಕೊಂಡು ಹೋಗಬೇಕಾಯಿತು. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ದೂರಕ್ಕೆ ಎಲ್ಲ ಒಂದೇ ಹಸಿರು, ನನಗೆ ಚೆನ್ನಾಗಿಯೇ ಕಂಡಿತು, ಹಾಗೆಂದೂ ಬಿಟ್ಟೆ. ಅವನು ಬಗ್ಗಿ ಒಂದು ಗಿಡದ ಸುಳಿ ಬಿಡಿಸಿ ತೋರಿಸಿದ: ಒಳಗೆ ಮರದ ಪುಡಿಯಂಥ ಹಿಕ್ಕೆ, ಅದರಡಿ ಮುದುರಿ ಮಲಗಿದ ಹುಳು. "ಹಿಂಗ್ ಒಂದೊಂದೇ ನೋಡ್ಕೊಂಡು ಹೋಗ್ಬೇಕ್ರಿ" ಎಂದ. ನಾನು ಆ ಸಾಲು ಹಿಡಿದೆ, ಅವನು ಈ ಸಾಲು. ಮೂರು ಸಾಲಿಗೆ ನನ್ನ ಸೊಂಟ ಹಿಡಿಯಿತು. ನನ್ನ ಸಾಲಿನಲ್ಲಿ ನಾನು ಬಿಟ್ಟುಹೋದ ಹುಳುಗಳನ್ನು ಅವನು ಹಿಂದಿನಿಂದ ಬಂದು, ಏನೂ ಹೇಳದೆ, ಹೆಕ್ಕುತ್ತಿದ್ದ.

ಮಗಳು ಇನ್ನೊಂದು ಆಟದ ಹೆಸರು ಕಳಿಸಿದ್ದಾಳೆ. ತೆನೆ ಮುರಿಯುವುದು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದೇನೆ.